ಮನಸ್ಸು ಒಪ್ಪದ ಟಿಕೆಟ್ ಬಂದಾಗ: ಸಾಫ್ಟ್‌ವೇರ್ ಉದ್ಯೋಗಿಗಳಿಗೆ ಒಂದು ಮಾರ್ಗದರ್ಶಿ

ಸಾಲ ಕೊಡುವ ಆ್ಯಪ್ ಮಾಡುವ ಕಂಪನಿಯೊಂದರಲ್ಲಿ ನೀವು ಕೆಲಸಕ್ಕಿದ್ದೀರಿ ಅಂದುಕೊಳ್ಳಿ. ಸೇರಿ ಎರಡು ವರ್ಷವಾಗಿದೆ. ಸೋಮವಾರ ಬೆಳಿಗ್ಗೆ ನಿಮ್ಮ ಹೆಸರಿಗೆ ಒಂದು ಟಿಕೆಟ್, ಅಂದರೆ ಮಾಡಬೇಕಾದ ಕೆಲಸದ ಚೀಟಿ, ಬರುತ್ತದೆ: ಆ್ಯಪ್ ತೆರೆದ ತಕ್ಷಣ ಫೋನಿನ ಕಾಂಟ್ಯಾಕ್ಟ್ಸ್ ಓದಲು ಅನುಮತಿ ಕೇಳಬೇಕು, ಪೂರ್ತಿ ಪಟ್ಟಿಯನ್ನು ಸರ್ವರ್‌ಗೆ ಕಳಿಸಬೇಕು, ಅನುಮತಿ ಕೊಡದವರಿಗೆ ಮುಂದಿನ ಪುಟ ತೆರೆಯಬಾರದು. ಕೆಲಸ ಅರ್ಧ ದಿನದ್ದು. ಟಿಕೆಟ್‌ನಲ್ಲಿ ಮೋಸ, ಕಿರುಕುಳ ಎಂಬ ಮಾತೇ ಇಲ್ಲ. ಬರೆದವರು ಕೆಟ್ಟವರೂ ಅಲ್ಲ, ನಿನ್ನೆ ನಿಮ್ಮ ಜೊತೆ ಕ್ಯಾಂಟೀನಿನಲ್ಲಿ ಕೂತು ಊಟ ಮಾಡಿದವರೇ.

ಕಂಪ್ಯೂಟರ್ ವೃತ್ತಿಯಲ್ಲಿ ನೀತಿಯ ಪ್ರಶ್ನೆ ಬರುವುದು ಹೆಚ್ಚಾಗಿ ಇದೇ ರೂಪದಲ್ಲಿ. ಓದಿದ ಕೂಡಲೇ ಮನಸ್ಸು ಸಣ್ಣಗೆ ಮುದುಡುತ್ತದೆ, ಅಂದರೆ ಏನೋ ಸರಿಯಿಲ್ಲವೆಂದು ನಮಗೆ ಗೊತ್ತಾಗಿರುತ್ತದೆ. ಅದನ್ನು ಯಾರಿಗೆ ಹೇಳಬೇಕು, ಯಾವಾಗ, ಯಾವ ಮಾತಿನಲ್ಲಿ, ಹೇಳಿದ ಮೇಲೆ ಕೆಲಸ ಉಳಿದೀತೇ ಎಂಬುದು ಗೊತ್ತಿರುವುದಿಲ್ಲ. ಕಾಲೇಜಿನ ವೃತ್ತಿನೀತಿ ಪಾಠ ಅಷ್ಟು ದೂರ ಬರುವುದಿಲ್ಲ. ಆ ಭಾಗಕ್ಕಾಗಿಯೇ ಇದನ್ನು ಬರೆದಿದ್ದೇನೆ. ಸಾಲದ ಆ್ಯಪ್ ಟಿಕೆಟ್ಟನ್ನೇ ಉದ್ದಕ್ಕೂ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಹೆಜ್ಜೆ 1: ತೀರ್ಮಾನಕ್ಕೆ ಮುನ್ನ ಪ್ರಶ್ನೆ ಕೇಳಿ

ಟಿಕೆಟ್ ಬರೆದವರ ಬಳಿ ಹೋಗಿ ನೇರವಾಗಿ ಕೇಳಿ. ಈ ಪಟ್ಟಿ ಯಾವ ಕೆಲಸಕ್ಕೆ ಬೇಕು? ಎಲ್ಲಿ ಇಡುತ್ತೇವೆ, ಎಷ್ಟು ಕಾಲ? ನಮ್ಮವರಿಗಷ್ಟೇ ಕಾಣುತ್ತದೆಯೋ, ಸಾಲ ವಸೂಲಿಯ ಏಜೆನ್ಸಿಗೂ ಹೋಗುತ್ತದೆಯೋ? ಇದಿಲ್ಲದೆ ಆ ಕೆಲಸ ಆಗುವುದೇ ಇಲ್ಲವೇ?

ದನಿಯಲ್ಲಿ ಆರೋಪ ಬೇಡ. ಎಷ್ಟೋ ಸಲ ಸಿಗುವ ಉತ್ತರ, "ಬೇರೆ ಆ್ಯಪ್‌ಗಳೂ ಕೇಳುತ್ತವಲ್ಲ, ನಮ್ಮದರಲ್ಲೂ ಇರಲಿ ಅಂತ ಹಾಕಿದೆ" ಎಂಬುದು. ಹಾಗಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತದೆ. ಯಾರೂ ಕೇಳಿರಲಿಲ್ಲ, ನೀವು ಕೇಳಿದಿರಿ, ಟಿಕೆಟ್ ಮುಚ್ಚಿತು.

"ಕಂತು ಕಟ್ಟದಿದ್ದರೆ ಅವರ ಮನೆಯವರಿಗೆ, ಗುರುತಿನವರಿಗೆ ಫೋನ್ ಮಾಡಲು" ಎಂಬ ಉತ್ತರ ಬಂದರೆ ನೀವು ಬೇರೆಯೇ ಜಾಗದಲ್ಲಿ ನಿಂತಿದ್ದೀರಿ. ಲಾಕ್‌ಡೌನ್ ಕಾಲದಲ್ಲಿ ಕೈಸಾಲಕ್ಕೆಂದು ಇಂಥ ಆ್ಯಪ್ ಹಾಕಿಕೊಂಡವರ ನೆಂಟರಿಗೆ, ಸಹೋದ್ಯೋಗಿಗಳಿಗೆ ಕರೆ ಮಾಡಿ ಮರ್ಯಾದೆ ತೆಗೆದ, ತಿರುಚಿದ ಫೋಟೊಗಳನ್ನು ಹಂಚಿದ ಪ್ರಕರಣಗಳು ಕರ್ನಾಟಕ, ತೆಲಂಗಾಣ ಸೇರಿ ದೇಶದ ಹಲವೆಡೆ ನಡೆದವು. ಜೀವ ಕಳೆದುಕೊಂಡವರೂ ಇದ್ದಾರೆ. 2021ರಲ್ಲಿ ರಿಸರ್ವ್ ಬ್ಯಾಂಕ್ ನೇಮಿಸಿದ ಕಾರ್ಯತಂಡ ಲೆಕ್ಕ ಹಾಕಿದಾಗ ಭಾರತದ ಆಂಡ್ರಾಯ್ಡ್ ಬಳಕೆದಾರರಿಗೆ ಸಿಗುತ್ತಿದ್ದ ಸುಮಾರು 1,100 ಸಾಲದ ಆ್ಯಪ್‌ಗಳಲ್ಲಿ 600ರಷ್ಟು ಅಕ್ರಮವಾಗಿದ್ದವು. ಆ ಒಂದೊಂದು ಆ್ಯಪ್‌ನಲ್ಲೂ ಕಾಂಟ್ಯಾಕ್ಟ್ಸ್ ಓದುವ ಸಾಲುಗಳನ್ನು ಯಾರೋ ಒಬ್ಬ ಎಂಜಿನಿಯರ್ ಕೂತು ಬರೆದಿದ್ದರು.

ಕೇಳಿ ತಿಳಿದದ್ದನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಎರಡು ಭಾಗ ಮಾಡಿ ಬರೆದಿಡಿ: ಖಚಿತವಾಗಿ ಗೊತ್ತಿರುವುದು ಒಂದು ಕಡೆ, ಅನುಮಾನ ಇನ್ನೊಂದು ಕಡೆ. ಮುಂದೆ ಮಾತಾಡುವಾಗ ಮೊದಲ ಭಾಗದಿಂದ ಮಾತ್ರ ಮಾತಾಡಿ.

ಹೆಜ್ಜೆ 2: ತೊಂದರೆ ಯಾರಿಗೆ ತಟ್ಟುತ್ತದೆ ಎಂದು ಒಬ್ಬೊಬ್ಬರನ್ನೇ ಬರೆಯಿರಿ

'ಬಳಕೆದಾರರು' ಎಂಬ ಒಂದು ಪದದಲ್ಲಿ ಎಲ್ಲರನ್ನೂ ಮುಗಿಸಿಬಿಟ್ಟರೆ ಯಾರ ಮುಖವೂ ಕಾಣುವುದಿಲ್ಲ. ಹಾಸನದ ಒಂದು ಹೊಲಿಗೆ ಅಂಗಡಿಯಾಕೆ ಹತ್ತು ಸಾವಿರ ಸಾಲ ಪಡೆದಳೆನ್ನಿ. ಅವಳ ಫೋನಿನಲ್ಲಿ ಅತ್ತೆ, ಭಾವ, ಮಗನ ಶಾಲೆಯ ಮೇಷ್ಟ್ರು, ಬ್ಲೌಸ್ ಹೊಲಿಯಲು ಕೊಡುವ ಗಿರಾಕಿಗಳು ಎಲ್ಲರ ನಂಬರ್ ಇದೆ. ಇವರಲ್ಲಿ ಯಾರೂ ನಿಮ್ಮ ಆ್ಯಪ್ ನೋಡಿಯೂ ಇಲ್ಲ, ಯಾವ ಷರತ್ತಿಗೂ ಒಪ್ಪಿಲ್ಲ. ಅವಳು ಒಪ್ಪಿದರೂ ಅವರ ಪರವಾಗಿ ಒಪ್ಪುವ ಹಕ್ಕು ಅವಳಿಗಿಲ್ಲ. ನಿಮ್ಮ ಪಟ್ಟಿಯಲ್ಲಿ ಮೊದಲು ಬರಬೇಕಾದವರು ಇಂಥವರು. ಉತ್ಪನ್ನವನ್ನು ಬಳಸದೆಯೂ ಅದರ ಏಟು ತಿನ್ನುವವರು.

ತುದಿಯಲ್ಲಿರುವ ಮನುಷ್ಯರನ್ನು ಮರೆತರೆ ಎಷ್ಟು ದೂರ ಹೋಗಬಹುದು ಎಂದು ತಿಳಿಯಲು ಬ್ರಿಟನ್ನಿನ ಅಂಚೆ ಇಲಾಖೆಯ ಹೊರೈಜನ್ ಪ್ರಕರಣವನ್ನು ಪ್ರತಿಯೊಬ್ಬ ಎಂಜಿನಿಯರ್ ಓದಬೇಕು ಎಂದು ನನ್ನ ಬಲವಾದ ಅಭಿಪ್ರಾಯ. 1999ರಿಂದ ಅಲ್ಲಿನ ಅಂಚೆ ಕಚೇರಿಗಳ ಲೆಕ್ಕಪತ್ರಕ್ಕೆ ಹೊರೈಜನ್ ಎಂಬ ತಂತ್ರಾಂಶ ಬಂತು. ಅದನ್ನು ನೋಡಿಕೊಳ್ಳುತ್ತಿದ್ದದ್ದು ಫುಜಿತ್ಸು ಕಂಪನಿ. ಸ್ವಲ್ಪ ಕಾಲಕ್ಕೇ ಸಣ್ಣ ಊರುಗಳ ಅಂಚೆ ಕಚೇರಿ ನಡೆಸುವವರ ಲೆಕ್ಕದಲ್ಲಿ ಹಣ ಕಡಿಮೆ ಬರತೊಡಗಿತು. ಕರಾರಿನ ಪ್ರಕಾರ ಕೊರತೆಯನ್ನು ಅವರೇ ತುಂಬಿಕೊಡಬೇಕು. ಸಹಾಯವಾಣಿಗೆ ಫೋನ್ ಮಾಡಿದ ಎಷ್ಟೋ ಜನರಿಗೆ "ಈ ತೊಂದರೆ ನಿಮಗೊಬ್ಬರಿಗೇ" ಎಂಬ ಉತ್ತರ ಸಿಕ್ಕಿತು. ಕೆಲವರು ಮನೆ ಅಡವಿಟ್ಟು ತುಂಬಿದರು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಜನ ಕಳ್ಳತನ, ಸುಳ್ಳು ಲೆಕ್ಕದಂಥ ಆರೋಪದಲ್ಲಿ ಅಪರಾಧಿಗಳೆನಿಸಿಕೊಂಡರು. ಭಾರತ ಮೂಲದ ಸೀಮಾ ಮಿಶ್ರಾ 2010ರಲ್ಲಿ ಜೈಲಿಗೆ ಹೋದಾಗ ಗರ್ಭಿಣಿ.

ತಂತ್ರಾಂಶದಲ್ಲಿ ಬಗ್‌ಗಳಿದ್ದವು, ಅಂದರೆ ದೋಷಗಳಿದ್ದವು, ಅವುಗಳ ದಾಖಲೆ ಫುಜಿತ್ಸುವಿನ ಒಳಗೇ ಇತ್ತು. ಅಂಚೆ ಕಚೇರಿಯವರಿಗೆ ಗೊತ್ತಾಗದಂತೆ ದೂರದಿಂದಲೇ ಅವರ ಲೆಕ್ಕವನ್ನು ಮುಟ್ಟಲು ಸಾಧ್ಯವಿತ್ತು. ಫುಜಿತ್ಸುವಿನಲ್ಲಿ ಹಿಂದೆ ಕೆಲಸ ಮಾಡಿದ್ದ ರಿಚರ್ಡ್ ರೋಲ್ ಎಂಬ ಎಂಜಿನಿಯರ್ ಇದನ್ನು ಬಹಿರಂಗವಾಗಿ ಹೇಳಿ, ನ್ಯಾಯಾಲಯದಲ್ಲೂ ಸಾಕ್ಷಿ ನುಡಿದರು. ಹಿಂದೆ ಅಂಚೆ ಕಚೇರಿ ನಡೆಸುತ್ತಿದ್ದ ಅಲನ್ ಬೇಟ್ಸ್ ಮುಂದಾಳತ್ವದ ಮೊಕದ್ದಮೆಯಲ್ಲಿ 2019ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಹೊರೈಜನ್‌ನಲ್ಲಿ ದೋಷಗಳಿದ್ದದ್ದು ನಿಜವೆಂದು ತೀರ್ಪು ಕೊಟ್ಟಿತು. 2021ರ ಏಪ್ರಿಲ್‌ನಲ್ಲಿ ಸೀಮಾ ಮಿಶ್ರಾ ಸೇರಿ 39 ಜನರ ಶಿಕ್ಷೆ ರದ್ದಾಯಿತು. ಉಳಿದವರಿಗಾಗಿ 2024ರಲ್ಲಿ ಸಂಸತ್ತು ಪ್ರತ್ಯೇಕ ಕಾನೂನನ್ನೇ ತಂದಿತು. ಬಗ್ ಇಲ್ಲದ ತಂತ್ರಾಂಶ ಯಾರಿಂದಲೂ ಆಗುವುದಿಲ್ಲ, ಅದು ಅಪರಾಧವೂ ಅಲ್ಲ. ಬಗ್ ಇದೆ ಎಂದು ಬಲ್ಲವರು ಒಂದು ಕಟ್ಟಡದಲ್ಲಿದ್ದರು, ಅದರಿಂದ ಜೈಲಿಗೆ ಹೋಗುತ್ತಿದ್ದವರು ಇನ್ನೆಲ್ಲೋ ಇದ್ದರು. ನಡುವೆ ಆ ಸುದ್ದಿ ದಾಟದಂತೆ ನೋಡಿಕೊಂಡದ್ದು ಅಪರಾಧ.

ನಮ್ಮಲ್ಲೂ ನೋಡಿ. ಆಸ್ತಿ ನೋಂದಣಿ ಪತ್ರಗಳ ಪ್ರತಿ ಆನ್‌ಲೈನ್‌ನಲ್ಲಿ ಸಿಗುವುದು ಜನರಿಗೆ ಬಹಳ ಅನುಕೂಲ. ಆದರೆ ಆ ಪ್ರತಿಗಳಲ್ಲಿ ಬೆರಳಚ್ಚೂ ಕಾಣುತ್ತಿತ್ತು. ಅದನ್ನು ನಕಲು ಮಾಡಿ ಆಧಾರ್ ಆಧಾರಿತ ಪಾವತಿಯ ಮೂಲಕ ಖಾತೆಯಿಂದ ಹಣ ತೆಗೆದ ಪ್ರಕರಣಗಳು 2023ರಲ್ಲಿ ರಾಜ್ಯದಲ್ಲಿ ಬೆಳಕಿಗೆ ಬಂದವು. ಇಲ್ಲಿ ಯಾವ ಎಂಜಿನಿಯರ್‌ಗೂ ದುರುದ್ದೇಶ ಇರಲಿಲ್ಲ. ಈ ಪುಟ ಕಳ್ಳನ ಕೈಗೆ ಸಿಕ್ಕರೆ ಏನು ಮಾಡಬಹುದು ಎಂಬ ಒಂದು ಸಾಲು ಪಟ್ಟಿಯಲ್ಲಿ ಇರಬೇಕಿತ್ತು. ಇನ್ನೂ ಸಣ್ಣದೊಂದು ಮಾತು: 'ಕೊನೆಯ ಹೆಸರು ಕಡ್ಡಾಯ' ಎಂಬ ಫಾರ್ಮ್ ಮಾಡುವಾಗ, ಇನಿಶಿಯಲ್ ಬಿಟ್ಟರೆ ಬೇರೇನೂ ಇಲ್ಲದ ನಮ್ಮ ಊರಿನ ಹಿರಿಯರನ್ನು ನೆನೆಸಿಕೊಳ್ಳಿ. ಒಂದು ದಾಖಲೆಯಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಹೆಸರಾಗಿ ಅವರು ತಾಲ್ಲೂಕು ಕಚೇರಿಗೆ ಅಲೆಯುವುದು ಆ ಒಂದು ಕಡ್ಡಾಯದ ಗುರುತಿನಿಂದ ಶುರುವಾಗುತ್ತದೆ.

ಹೆಜ್ಜೆ 3: ಮೂರು ಕಡೆಯಿಂದ ತೂಗಿ ನೋಡಿ

ನೀತಿಶಾಸ್ತ್ರದ ದೊಡ್ಡ ಪುಸ್ತಕಗಳ ಅಗತ್ಯವಿಲ್ಲ. ಮೂರು ಪ್ರಶ್ನೆ ಸಾಕಾಗುತ್ತವೆ. ಫಲವೇನು, ಅಂದರೆ ಯಾರಿಗೆ ಎಷ್ಟು ಲಾಭ, ಯಾರಿಗೆ ಎಷ್ಟು ನೋವು? ಫಲ ಏನೇ ಇರಲಿ, ಇದು ಕೊಟ್ಟ ಮಾತನ್ನು ಮುರಿಯುತ್ತದೆಯೇ, ಸುಳ್ಳು ಹೇಳಿಸುತ್ತದೆಯೇ? ಆ ತುದಿಯಲ್ಲಿ ನಾನೋ ನನ್ನ ಅಮ್ಮನೋ ಇದ್ದಿದ್ದರೆ ಇದನ್ನು ಒಪ್ಪುತ್ತಿದ್ದೆನೇ?

ಕಾಂಟ್ಯಾಕ್ಟ್ಸ್ ಟಿಕೆಟ್ ಈ ಮೂರರಲ್ಲೂ ಬೀಳುತ್ತದೆ. ಉತ್ತರಗಳು ಒಂದಕ್ಕೊಂದು ಹೊಂದದಾಗ ಕಷ್ಟ. ಬ್ಯಾಂಕಿನ ವಂಚನೆ ಪತ್ತೆ ವ್ಯವಸ್ಥೆಯನ್ನು ತೆಗೆದುಕೊಳ್ಳಿ. ಅದು ಕಳ್ಳರ ಖಾತೆಗಳನ್ನು ತಡೆಯುತ್ತದೆ, ನಡುನಡುವೆ ಯಾರದೋ ಪಿಂಚಣಿ ಖಾತೆಯನ್ನೂ ಸ್ತಂಭನಗೊಳಿಸುತ್ತದೆ. ಒಟ್ಟು ಫಲ ಒಳ್ಳೆಯದೇ, ಆ ಒಬ್ಬರಿಗೆ ಮಾತ್ರ ತಿಂಗಳಿಡೀ ಔಷಧಿಗೆ ದುಡ್ಡಿಲ್ಲ. ಇಂಥಲ್ಲಿ ನಾನು ಹಿಡಿಯುವ ನಿಲುವು ಹೀಗಿದೆ: ಬೇಡ ಎನ್ನುವ ಶಕ್ತಿ ಇಲ್ಲದವರಿಗೆ ಆಗುವ ನೋವಿಗೆ ಹೆಚ್ಚು ತೂಕ ಕೊಡಬೇಕು, ಮತ್ತು ಯಂತ್ರ ತಪ್ಪಿದಾಗ ಅವರು ಒಬ್ಬ ಮನುಷ್ಯನ ಜೊತೆ ಮಾತಾಡಿ ಬೇಗ ಸರಿಪಡಿಸಿಕೊಳ್ಳುವ ದಾರಿ ಇರಲೇಬೇಕು. ಆ ದಾರಿ ಇಲ್ಲದ ವ್ಯವಸ್ಥೆಯನ್ನು ರಿಲೀಸ್ ಮಾಡಬಾರದು. ಕೃತಕ ಬುದ್ಧಿಮತ್ತೆಯ ಮಾದರಿಗಳಿಗೆ ಈ ಮಾತು ಇನ್ನೂ ಬಿಗಿಯಾಗಿ ಅನ್ವಯಿಸುತ್ತದೆ. ಸಂಶೋಧಕಿಯರಾದ ಜಾಯ್ ಬುವೊಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು 2018ರಲ್ಲಿ ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮೂರು ವಾಣಿಜ್ಯ ತಂತ್ರಾಂಶಗಳನ್ನು ಪರೀಕ್ಷಿಸಿದಾಗ ಬಿಳಿ ಬಣ್ಣದ ಗಂಡಸರಲ್ಲಿ ತಪ್ಪು ಶೇ 1ನ್ನೂ ಮುಟ್ಟಲಿಲ್ಲ, ಕಪ್ಪು ಬಣ್ಣದ ಹೆಂಗಸರಲ್ಲಿ ಮೂರರ ಪೈಕಿ ಎರಡರಲ್ಲಿ ಶೇ 34ನ್ನು ದಾಟಿತ್ತು. ಸರಾಸರಿ ಅಂಕಿ ಮಾತ್ರ ನೋಡಿದವರಿಗೆ ಇದು ಕಾಣುತ್ತಿರಲಿಲ್ಲ. ನಿಮ್ಮ ಪರೀಕ್ಷೆಯಲ್ಲೂ ಗುಂಪುಗಳನ್ನು ಬಿಡಿಸಿ ನೋಡಿ.

ಹೆಜ್ಜೆ 4: ಕಾನೂನು ಏನು ಹೇಳುತ್ತದೆ, ಒಂದು ಗಂಟೆ ಕೂತು ಓದಿ

ವಕೀಲರಾಗಬೇಕಿಲ್ಲ. ನಿಮ್ಮ ಕ್ಷೇತ್ರದ ಎರಡು ಮೂರು ನಿಯಮಗಳ ಪರಿಚಯ ಇದ್ದರೆ ಮಾತಿಗೆ ಬಲ ಬರುತ್ತದೆ. "ನನಗೆ ಸರಿ ಅನಿಸುತ್ತಿಲ್ಲ" ಎನ್ನುವುದಕ್ಕೂ "ನಿಯಮ ಒಪ್ಪುವುದಿಲ್ಲ" ಎನ್ನುವುದಕ್ಕೂ ಮೀಟಿಂಗಿನಲ್ಲಿ ಸಿಗುವ ಬೆಲೆಯೇ ಬೇರೆ.

ನಮ್ಮ ಉದಾಹರಣೆಗೆ ಉತ್ತರ ಸ್ಪಷ್ಟವಾಗಿದೆ. ಸಾಲದ ಆ್ಯಪ್‌ಗಳು ಫೋನಿನ ಕಾಂಟ್ಯಾಕ್ಟ್ಸ್, ಕರೆಗಳ ವಿವರ, ಫೈಲುಗಳನ್ನು ಮುಟ್ಟಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಒಂದು ನಿದರ್ಶನವನ್ನೇ ಕೊಟ್ಟಿದ್ದಾರೆ: ವೈದ್ಯರ ಸಲಹೆ ಕೊಡುವ ಆ್ಯಪ್ ಕಾಂಟ್ಯಾಕ್ಟ್ಸ್ ಪಟ್ಟಿಯನ್ನೂ ಕೇಳಿತು, ಬಳಕೆದಾರರು ಒಪ್ಪಿಯೂ ಬಿಟ್ಟರು. ಆದರೂ ಸಲಹೆ ಕೊಡಲು ಆ ಪಟ್ಟಿ ಬೇಕಿಲ್ಲವಾದ್ದರಿಂದ ಅಷ್ಟರ ಮಟ್ಟಿಗೆ ಒಪ್ಪಿಗೆ ಲೆಕ್ಕಕ್ಕಿಲ್ಲ. ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಹೊಣೆಗಳು ಹಂತ ಹಂತವಾಗಿ ಜಾರಿಯಾಗುತ್ತವೆ. ದತ್ತಾಂಶಕ್ಕೆ ತಕ್ಕ ರಕ್ಷಣೆ ಕೊಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಈ ಕಾಯ್ದೆಗೆ ಬುನಾದಿಯಾದದ್ದು ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಕೊಟ್ಟ ತೀರ್ಪು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, ಎಂಬತ್ತು ದಾಟಿದ ವಯಸ್ಸಿನಲ್ಲಿ. ಬೆಂಗಳೂರಿನಲ್ಲಿ ಕೂತು ಕೋಡ್ ಬರೆಯುವವರು ಆ ಹೆಸರನ್ನು ತಿಳಿದಿರಬೇಕು.

ಇನ್ನೆರಡು ವಿಷಯ ಬೇಗ ಹೇಳುತ್ತೇನೆ. 'ಇನ್ನೊಂದೇ ಉಳಿದಿದೆ' ಎಂಬ ಸುಳ್ಳು ಅವಸರ, ಕೇಳದೆ ಬುಟ್ಟಿಗೆ ಸೇರುವ ವಸ್ತು, ಬಿಡಲಾಗದ ಚಂದಾ ಮುಂತಾದ 13 ಬಗೆಯ ಪರದೆಯ ಕುತಂತ್ರಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ನಿಷೇಧಿಸಿದೆ. ವಿನ್ಯಾಸಕಾರರು ಆ ಪಟ್ಟಿಯನ್ನು ಮೇಜಿನ ಮೇಲೆ ಇಟ್ಟುಕೊಳ್ಳಲಿ. ಸೈಬರ್ ದಾಳಿಯಾದರೆ ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕು. "ಸೋಮವಾರ ನೋಡೋಣ, ಸದ್ಯಕ್ಕೆ ಯಾರಿಗೂ ಹೇಳಬೇಡ" ಎಂಬ ಮಾತು ಬಂದರೆ ಈ ನಿಯಮವನ್ನು ನೆನಪಿಸಿ.

ಕಾನೂನು ಸುಮ್ಮನಿರುವ ಕಡೆಗೆ ವೃತ್ತಿ ಸಂಹಿತೆಗಳಿವೆ. ಎಸಿಎಂ ಎಂಬ ಕಂಪ್ಯೂಟರ್ ವೃತ್ತಿಪರರ ಅಂತರರಾಷ್ಟ್ರೀಯ ಸಂಘ 2018ರಲ್ಲಿ ಪರಿಷ್ಕರಿಸಿದ ಸಂಹಿತೆ ಸಾರ್ವಜನಿಕ ಹಿತವನ್ನು ಎಲ್ಲಕ್ಕಿಂತ ಮುಂದಿಡುತ್ತದೆ. ಉಚಿತವಾಗಿ ಸಿಗುತ್ತದೆ, ಚಿಕ್ಕದು, ಒಂದು ಸಲ ಓದಿ.

"ಮೇಲಿನವರು ಹೇಳಿದರು, ಮಾಡಿದೆ" ಎಂಬ ಮಾತು ರಕ್ಷಣೆಯಲ್ಲ. ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳಲ್ಲಿ ಹೊಗೆ ಪರೀಕ್ಷೆ ನಡೆಯುತ್ತಿದೆಯೇ ಎಂದು ಗುರುತಿಸಿ, ಆಗ ಮಾತ್ರ ಮಾಲಿನ್ಯ ತಗ್ಗಿಸುವ ತಂತ್ರಾಂಶವಿತ್ತು. ರಸ್ತೆಗಿಳಿದರೆ ಸಾರಜನಕದ ಆಕ್ಸೈಡುಗಳು ಮಿತಿಯ 40 ಪಟ್ಟಿನವರೆಗೂ ಬರುತ್ತಿದ್ದವು. 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇದನ್ನು ಬಹಿರಂಗಪಡಿಸಿದಾಗ ಜಗತ್ತಿನಾದ್ಯಂತ ಇಂಥ 1.1 ಕೋಟಿ ಕಾರುಗಳಿದ್ದವು. ಅಮೆರಿಕದ ನ್ಯಾಯಾಲಯ 2017ರಲ್ಲಿ 40 ತಿಂಗಳು ಜೈಲಿಗೆ ಕಳಿಸಿದ್ದು ಜೇಮ್ಸ್ ಲಿಯಾಂಗ್ ಎಂಬ ಎಂಜಿನಿಯರ್‌ನನ್ನು. ಎರಡು ಲಕ್ಷ ಡಾಲರ್ ದಂಡವೂ ಬಿತ್ತು.

ಹೆಜ್ಜೆ 5: ಬರವಣಿಗೆಯಲ್ಲಿ ಹೇಳಿ, ಬೇಗ ಹೇಳಿ

ಈ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಈ ಹೆಜ್ಜೆಯನ್ನು ಇಟ್ಟುಕೊಳ್ಳಿ. ಸ್ಪ್ರಿಂಟ್, ಅಂದರೆ ಕೆಲವು ವಾರಗಳ ಕೆಲಸದ ಸುತ್ತು, ಶುರುವಾಗುವ ಮುನ್ನ ಹೇಳಿದರೆ ನೀವು ಸಲಹೆ ಕೊಡುವವರು. ರಿಲೀಸಿನ ಹಿಂದಿನ ರಾತ್ರಿ ಹೇಳಿದರೆ ಅಡ್ಡಗಾಲು ಹಾಕುವವರು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗುವುದು ತಡಮಾಡಿದಾಗಲೇ.

ಮೇಲ್ ಹೀಗಿರಬಹುದು. ಆಫೀಸಿನಲ್ಲಿ ಇಂಗ್ಲಿಷಿನಲ್ಲಿ ಬರೆಯುತ್ತೀರಿ, ಹುರುಳು ಇದೇ ಇರಲಿ:

"ಸರ್, ಕಾಂಟ್ಯಾಕ್ಟ್ಸ್ ಟಿಕೆಟ್ ಬಗ್ಗೆ ಒಂದು ವಿಷಯ. ಈಗ ಬರೆದಿರುವಂತೆ ಮಾಡಿದರೆ ಬಳಕೆದಾರರ ಪೂರ್ತಿ ಪಟ್ಟಿ ನಮ್ಮ ಸರ್ವರ್‌ಗೆ ಬರುತ್ತದೆ. ರಿಸರ್ವ್ ಬ್ಯಾಂಕಿನ ನಿಯಮ ಇದನ್ನು ಒಪ್ಪುವುದಿಲ್ಲ, ಪ್ಲೇ ಸ್ಟೋರ್ ಕೂಡ ಸಾಲದ ಆ್ಯಪ್‌ಗಳಿಗೆ ಇದನ್ನು ನಿಷೇಧಿಸಿದೆ. ತುರ್ತು ಸಂಪರ್ಕಕ್ಕಾಗಿ ಬೇಕಿದ್ದರೆ ಬಳಕೆದಾರರೇ ಎರಡು ನಂಬರ್ ಬರೆದು, ಆ ಇಬ್ಬರಿಂದಲೂ ಒಟಿಪಿ ಮೂಲಕ ಒಪ್ಪಿಗೆ ಪಡೆಯುವಂತೆ ಮಾಡಬಹುದು. ಎರಡು ದಿನದ ಕೆಲಸ. ಲೀಗಲ್ ತಂಡದವರು ನೋಡುವವರೆಗೆ ಟಿಕೆಟ್ ತಡೆಹಿಡಿದಿರುತ್ತೇನೆ. ಗುರುವಾರದೊಳಗೆ ತಿಳಿಸಿದರೆ ಇದೇ ಸ್ಪ್ರಿಂಟ್‌ನಲ್ಲಿ ಮುಗಿಸಬಹುದು."

ಇದರಲ್ಲಿ ಯಾರನ್ನೂ ದೂರಿಲ್ಲ. ಏನಾಗುತ್ತದೆ, ಯಾವ ನಿಯಮ, ಬದಲಿ ದಾರಿ, ಅದಕ್ಕೆ ಹಿಡಿಯುವ ಸಮಯ, ಯಾವಾಗ ಉತ್ತರ ಬೇಕು, ಎಲ್ಲವೂ ಇದೆ. ಬದಲಿ ದಾರಿಯ ಸಾಲು ಬಹಳ ಮುಖ್ಯ. ಮ್ಯಾನೇಜರ್‌ಗೆ ಮೇಲಿನಿಂದ ಒತ್ತಡವಿರುತ್ತದೆ, ನೀವು ಬರೀ 'ಆಗಲ್ಲ' ಅಂದರೆ ಅವರಿಗೆ ಮೇಲಕ್ಕೆ ಒಯ್ಯಲು ಏನೂ ಉಳಿಯುವುದಿಲ್ಲ. 'ಹೀಗೆ ಮಾಡೋಣ' ಅಂದರೆ ಅವರೂ ತಲೆ ಎತ್ತಿ ಮಾತಾಡಬಹುದು.

ಅವರು ಫೋನಿನಲ್ಲೋ ಕಾರಿಡಾರಿನಲ್ಲೋ "ಅದೆಲ್ಲ ಇರಲಿ, ಮಾಡಿಬಿಡು" ಅಂದರೆ, ಜಗಳ ಬೇಡ. ಜಾಗಕ್ಕೆ ಬಂದು "ಈಗ ಮಾತಾಡಿದಂತೆ, ಲೀಗಲ್ ತಂಡದ ಅಭಿಪ್ರಾಯವಿಲ್ಲದೆ ಮುಂದುವರಿಯಲು ಹೇಳಿದ್ದೀರಿ, ನನ್ನ ತಿಳಿವಳಿಕೆ ಸರಿಯೇ?" ಎಂದು ಎರಡು ಸಾಲು ಕಳಿಸಿ. ಬಾಯಿಮಾತಿನಲ್ಲಿ ಸುಲಭವಾಗಿ ಕೊಟ್ಟ ಅಪ್ಪಣೆಯನ್ನು ಬರವಣಿಗೆಯಲ್ಲಿ ಒಪ್ಪಿಕೊಳ್ಳುವಾಗ ಎಲ್ಲರೂ ಒಮ್ಮೆ ಯೋಚಿಸುತ್ತಾರೆ.

ಬಂದದ್ದು ಟಿಕೆಟ್ ಆಗಿರದೆ ಬಗ್ ಆಗಿದ್ದರೆ

ಕೆನಡಾದ ಎಇಸಿಎಲ್ ಸಂಸ್ಥೆಯ ಥೆರಾಕ್-25 ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಕೊಡುವ ಯಂತ್ರ. ಹಳೆಯ ಮಾದರಿಯಲ್ಲಿದ್ದ ಯಾಂತ್ರಿಕ ತಡೆಗಳನ್ನು ತೆಗೆದು, ಸುರಕ್ಷತೆಯನ್ನು ತಂತ್ರಾಂಶಕ್ಕೆ ಬಿಟ್ಟಿದ್ದರು. 1985ರಿಂದ 1987ರೊಳಗೆ ಆರು ರೋಗಿಗಳಿಗೆ ವಿಪರೀತ ಪ್ರಮಾಣದ ವಿಕಿರಣ ಬಿತ್ತು, ಅದರಿಂದ ಸಾವುಗಳೂ ಆದವು. ಟೆಕ್ಸಸ್‌ನ ಟೈಲರ್ ಊರಿನ ಆಸ್ಪತ್ರೆಯಲ್ಲಿ 1986ರ ಮಾರ್ಚ್‌ನಲ್ಲಿ ಹೀಗಾದಾಗ ಕಂಪನಿಯ ಎಂಜಿನಿಯರ್‌ಗಳು ಬಂದು ಪರೀಕ್ಷಿಸಿದರು, ದೋಷ ಮತ್ತೆ ಕಾಣಿಸಿಕೊಳ್ಳಲಿಲ್ಲ. ಯಂತ್ರ ಪುನಃ ಕೆಲಸಕ್ಕೆ ಬಂತು. ಏಪ್ರಿಲ್ 11ರಂದು ಇನ್ನೊಬ್ಬ ರೋಗಿಗೆ ಅದೇ ಆಯಿತು, ಪರದೆಯ ಮೇಲೆ ಅದೇ 'ಮಾಲ್‌ಫಂಕ್ಷನ್ 54'.

ಆಗ ಆಸ್ಪತ್ರೆಯ ಭೌತವಿಜ್ಞಾನಿ ಫ್ರಿಟ್ಜ್ ಹೇಗರ್, ಯಂತ್ರ ನಡೆಸುತ್ತಿದ್ದ ಆಪರೇಟರ್ ಜೊತೆ ಕೂತು, ಆಕೆ ಆ ದಿನ ಯಾವ ಕೀ ಒತ್ತಿದ್ದಳು, ಎಷ್ಟು ಬೇಗ ಒತ್ತಿದ್ದಳು ಎಂದು ಮತ್ತೆ ಮತ್ತೆ ಮಾಡಿ ನೋಡಿದರು. ಗುಟ್ಟು ವೇಗದಲ್ಲಿತ್ತು. ತಪ್ಪಾಗಿ ಟೈಪಿಸಿದ್ದನ್ನು ಪಳಗಿದ ಕೈ ಕೆಲವೇ ಸೆಕೆಂಡುಗಳಲ್ಲಿ ತಿದ್ದಿದರೆ ಯಂತ್ರದ ಒಳಗಿನ ಸ್ಥಿತಿ ಹಳೆಯದರಲ್ಲೇ ಉಳಿಯುತ್ತಿತ್ತು. ಪರೀಕ್ಷಿಸಲು ಬಂದ ಎಂಜಿನಿಯರ್‌ಗಳಿಗೆ ಅಷ್ಟು ವೇಗ ಇರಲಿಲ್ಲ.

ಹಾಗಾಗಿ "ನನ್ನ ಮಷೀನಿನಲ್ಲಿ ಬರುತ್ತಿಲ್ಲ" ಎಂದು ಬರೆದು ಬಗ್ ಮುಚ್ಚುವ ಮುನ್ನ ದೂರು ಕೊಟ್ಟವರ ಪಕ್ಕ ಕೂತು ಅವರ ಕೈಗಳನ್ನು ನೋಡಿ. ದೂರದಲ್ಲಿದ್ದರೆ ಅವರ ಪರದೆಯ ವಿಡಿಯೊ ತರಿಸಿಕೊಳ್ಳಿ. ಹಣ, ಆರೋಗ್ಯ, ಪಡಿತರ, ನ್ಯಾಯಕ್ಕೆ ಸಂಬಂಧಿಸಿದ ವ್ಯವಸ್ಥೆಯಾದರೆ ಇದನ್ನು ಬಿಡುವಂತೆಯೇ ಇಲ್ಲ.

ಹೆಜ್ಜೆ 6: ಒಬ್ಬರೇ ಹೋಗಬೇಡಿ, ಮೆಟ್ಟಿಲು ಹಾರಬೇಡಿ

ಟೆಸ್ಟಿಂಗ್‌ನವರು, ವಿನ್ಯಾಸದವರು, ಗ್ರಾಹಕರ ಕರೆ ಸ್ವೀಕರಿಸುವವರು, ಇವರಲ್ಲಿ ಯಾರಿಗಾದರೂ ನಿಮ್ಮಂತೆಯೇ ಅನಿಸಿರುತ್ತದೆ. ಮೇಲ್‌ನಲ್ಲಿ ಇಬ್ಬರ ಹೆಸರಿದ್ದರೆ ಅದು ಒಬ್ಬರ ತಕರಾರು ಆಗಿ ಉಳಿಯುವುದಿಲ್ಲ. ಮೊದಲು ಲೀಡ್, ಆಮೇಲೆ ಮ್ಯಾನೇಜರ್, ಅವರ ಮೇಲಿನವರು, ಕೊನೆಗೆ ನಿಯಮಪಾಲನೆ ನೋಡಿಕೊಳ್ಳುವ ಕಂಪ್ಲಯನ್ಸ್ ವಿಭಾಗ. ಷೇರುಪೇಟೆಯಲ್ಲಿರುವ ಕಂಪನಿಗಳಲ್ಲಿ ಉದ್ಯೋಗಿಗಳು ಅಕ್ರಮವನ್ನು ತಿಳಿಸಲು ಒಂದು ವ್ಯವಸ್ಥೆ ಇರಲೇಬೇಕು ಎಂದು 2013ರ ಕಂಪನಿ ಕಾಯ್ದೆಯ 177ನೇ ಸೆಕ್ಷನ್ ಹೇಳುತ್ತದೆ. ಅದರ ವಿಳಾಸ ಕಂಪನಿಯ ಒಳ ಜಾಲತಾಣದಲ್ಲಿರುತ್ತದೆ.

ಸೇವಾ ಕಂಪನಿಗಳಲ್ಲಿರುವವರ ಕಷ್ಟ ಬೇರೆ. ಕ್ಲೈಂಟ್ ವಿದೇಶದಲ್ಲಿ, ನಿರ್ಧಾರ ಅವರದು, ಬಾಯಿ ಬಿಟ್ಟರೆ ಪ್ರಾಜೆಕ್ಟಿನಿಂದ ತೆಗೆದು ಬೆಂಚಿಗೆ ಕೂರಿಸುತ್ತಾರೆಂಬ ಭಯ. ಅಲ್ಲಿ ನೇರವಾಗಿ ಕ್ಲೈಂಟಿಗೆ ಬರೆಯಬೇಡಿ. ನಿಮ್ಮ ಕಂಪನಿಯ ಡೆಲಿವರಿ ಮ್ಯಾನೇಜರ್‌ಗೆ, ಇದರಿಂದ ನಮ್ಮ ಕಂಪನಿಗೆ ಬರಬಹುದಾದ ಕಾನೂನಿನ ತೊಂದರೆ ಏನೆಂದು ಬರೆಯಿರಿ. ಆ ಭಾಷೆ ಅವರಿಗೆ ಅರ್ಥವಾಗುತ್ತದೆ.

ಹಿರಿಯರಿಗೆ ಎದುರು ಹೇಳಬಾರದೆಂಬ ಸಂಸ್ಕಾರದಲ್ಲಿ ಬೆಳೆದವರು ನಾವು. ಗೌರವ ಬಿಡಬೇಕಾಗಿಲ್ಲ. "ಸರ್, ಇದರಲ್ಲಿ ಒಂದು ತೊಂದರೆ ಕಾಣುತ್ತಿದೆ, ಐದು ನಿಮಿಷ ಕೊಡ್ತೀರಾ?" ಎಂಬ ಮಾತಿನಿಂದ ಮುನಿಸಿಕೊಳ್ಳುವ ಹಿರಿಯರು ಕಡಿಮೆ. ಇತ್ತ, ನೀವೇ ಲೀಡ್ ಆಗಿದ್ದರೆ ನಿಮ್ಮ ತಂಡದ ಕಿರಿಯರು ಹೀಗೆ ಬಂದಾಗ ಲ್ಯಾಪ್‌ಟಾಪ್ ಮುಚ್ಚಿ ಕೇಳಿ. ಒಮ್ಮೆ ಗದರಿದರೆ ಆ ಹುಡುಗಿ ಇನ್ನೆಂದೂ ಬರುವುದಿಲ್ಲ, ಉಳಿದವರೂ ಬರುವುದಿಲ್ಲ.

ಹೆಜ್ಜೆ 7: ಹೊರಗೆ ಹೇಳುವ ಮುನ್ನ

ಒಳಗೆ ಎಲ್ಲ ಬಾಗಿಲೂ ಮುಚ್ಚಿದವು, ಜನರಿಗೆ ನಿಜವಾದ ಹಾನಿ ನಡೆಯುತ್ತಲೇ ಇದೆ ಎಂದಾಗ ಮಾತ್ರ ಇದು. ಇಲ್ಲಿ ಧೈರ್ಯಕ್ಕಿಂತ ಎಚ್ಚರ ಹೆಚ್ಚು ಬೇಕು. ಭಾರತದಲ್ಲಿ ಖಾಸಗಿ ಕಂಪನಿಗಳ ಅಕ್ರಮ ಬಯಲು ಮಾಡುವ ಉದ್ಯೋಗಿಗಳನ್ನು ಕಾಪಾಡುವ ಪ್ರತ್ಯೇಕ ಸಾಮಾನ್ಯ ಕಾನೂನು ಇಲ್ಲ. 2014ರ ವಿಸಲ್‌ಬ್ಲೋವರ್‌ಗಳ ರಕ್ಷಣಾ ಕಾಯ್ದೆ ಸರ್ಕಾರಿ ವಲಯಕ್ಕೆಂದು ಮಾಡಿದ್ದು, ಅದನ್ನೂ ಜಾರಿಗೆ ತಂದಿಲ್ಲ. ಆದ್ದರಿಂದ ಮೊದಲು ವಕೀಲರನ್ನು ನೋಡಿ. ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100 ಸಹಾಯವಾಣಿ ಇದೆ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ.

ಗ್ರಾಹಕರ ದತ್ತಾಂಶವನ್ನು 'ಸಾಕ್ಷಿಗೆ' ಎಂದು ಪೆನ್‌ಡ್ರೈವ್‌ಗೆ, ಸ್ವಂತ ಮೇಲ್‌ಗೆ ಹಾಕಿಕೊಳ್ಳಬೇಡಿ. ಅದು ನಿಮ್ಮ ಮೇಲೆಯೇ ಮೊಕದ್ದಮೆ ಆದೀತು. ಯಾವ ದಿನ ಏನಾಯಿತು, ಯಾರಿಗೆ ಏನು ಹೇಳಿದಿರಿ ಎಂಬ ದಿನಚರಿಯನ್ನು ಮನೆಯಲ್ಲಿ ಕೈಬರಹದಲ್ಲಿ ಇಡಿ. ದೂರು ಹೋಗಬೇಕಾದ್ದು ಆ ವಿಷಯದ ನಿಯಂತ್ರಕರಿಗೆ: ಅಕ್ರಮ ಸಾಲ, ಠೇವಣಿಗೆ ರಿಸರ್ವ್ ಬ್ಯಾಂಕಿನ ಸಚೇತ್ ಜಾಲತಾಣ, ಗ್ರಾಹಕ ಮೋಸಕ್ಕೆ 1915 ಸಹಾಯವಾಣಿ. ಮೊದಲ ದಿನವೇ ಸಾಮಾಜಿಕ ಜಾಲತಾಣದಲ್ಲಿ ಕಂಪನಿಯ ಹೆಸರು ಹಾಕಿ ಬರೆದರೆ ಜನರ ಮೆಚ್ಚುಗೆ ಸಿಗಬಹುದು, ದೂರಿನ ಬಲ ಮಾತ್ರ ಕುಗ್ಗುತ್ತದೆ.

ಹೆಜ್ಜೆ 8: ಇದನ್ನು ಮಾತ್ರ ಇವತ್ತೇ ಶುರು ಮಾಡಿ

ಬೇಡ ಎನ್ನುವ ಶಕ್ತಿ ಆ ಕ್ಷಣದಲ್ಲಿ ಹುಟ್ಟುವುದಿಲ್ಲ. ಮನೆ ಸಾಲ, ಕಾರಿನ ಸಾಲ, ಕ್ರೆಡಿಟ್ ಕಾರ್ಡ್ ಎಲ್ಲ ಸಂಬಳದ ಅಂಚಿಗೆ ಬಂದು ನಿಂತವರಿಗೆ ಯಾವ ಟಿಕೆಟ್ಟೂ ತಪ್ಪೆಂದು ಕಾಣುವುದಿಲ್ಲ. ಆರು ತಿಂಗಳ ಖರ್ಚು ಬೇರೆ ಖಾತೆಯಲ್ಲಿರಲಿ. ಸೇರುವಾಗ ಸಹಿ ಹಾಕಿದ ಬಾಂಡ್ ಮತ್ತು ನೋಟಿಸ್ ಪೀರಿಯಡ್ ಷರತ್ತುಗಳನ್ನು ಒಮ್ಮೆ ಸರಿಯಾಗಿ ಓದಿಡಿ. ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲೆ ಇರುವ ನಮ್ಮವರಿಗೆ ಕೆಲಸ ಹೋದರೆ ಅಲ್ಲಿ ಉಳಿಯಲು ಸಿಗುವ ಅವಧಿ ಹೆಚ್ಚೆಂದರೆ 60 ದಿನ. ಅವರು ಇನ್ನೂ ಮುಂಚಿತವಾಗಿ ಯೋಚಿಸಿರಬೇಕು, ಹೇಳುವುದನ್ನು ಹೆಜ್ಜೆ 5ರ ರೀತಿಯಲ್ಲಿ, ಬಹಳ ಬೇಗ ಹೇಳಬೇಕು.

ಇನ್ನೊಂದು ಮಾತನ್ನು ಹೊಸದಾಗಿ ಕೆಲಸ ಹುಡುಕುತ್ತಿರುವ ತಮ್ಮ ತಂಗಿಯರಿಗೆ ಹೇಳಲೇಬೇಕು. ಬೆಂಗಳೂರಿನಲ್ಲಿ ಎರಡು ಮೂರು ವರ್ಷದ ಸುಳ್ಳು ಅನುಭವ ಪತ್ರ ಮಾಡಿಕೊಡುವ ಕನ್ಸಲ್ಟೆನ್ಸಿಗಳಿವೆ. "ಎಲ್ಲರೂ ಹಾಕುತ್ತಾರೆ, ಇಲ್ಲದಿದ್ದರೆ ಇಂಟರ್‌ವ್ಯೂ ಕರೆಯೇ ಬರಲ್ಲ" ಎನ್ನುತ್ತಾರೆ. ಪಿಎಫ್ ದಾಖಲೆ ನೋಡಿದ ದಿನ ಸಿಕ್ಕಿಬೀಳುತ್ತೀರಿ ಎಂಬುದು ಒಂದು ಅಪಾಯ. ನನಗೆ ಹೆಚ್ಚು ಸಂಕಟವಾಗುವುದು ಸಿಕ್ಕಿಬೀಳದೆ ಉಳಿದವರ ಬಗ್ಗೆ. ಸುಳ್ಳು ಪತ್ರದ ಮೇಲೆ ಒಳಗೆ ಬಂದವರು ಯಾವ ಮೀಟಿಂಗಿನಲ್ಲೂ ಕೈ ಎತ್ತಲಾರರು. ಎತ್ತಿದರೆ ತಮ್ಮ ಫೈಲ್ ತೆರೆಯುತ್ತದೆಂಬ ಹೆದರಿಕೆ ಅವರನ್ನು ಕೂರಿಸಿಬಿಡುತ್ತದೆ. ಕಾಂಟ್ಯಾಕ್ಟ್ಸ್ ಟಿಕೆಟ್ ಅವರ ಹೆಸರಿಗೆ ಬಂದರೆ ಅವರು ಮಾಡಿಯೇ ಮಾಡುತ್ತಾರೆ.

ಅನುಭವದ ಬದಲು ತೋರಿಸಲು ಬೇರೆ ದಾರಿಗಳಿವೆ: ಮುಕ್ತ ತಂತ್ರಾಂಶ ಯೋಜನೆಗಳಲ್ಲಿ ಮಾಡಿದ ಕೆಲಸ, ಚಿಕ್ಕ ಕಂಪನಿಯಲ್ಲಿ ಇಂಟರ್ನ್‌ಶಿಪ್, ಟೆಸ್ಟಿಂಗ್ ಅಥವಾ ಸಪೋರ್ಟ್ ಕೆಲಸದಿಂದ ಒಳಗೆ ಹೋಗುವುದು. ಈಗಾಗಲೇ ಸುಳ್ಳು ಪತ್ರ ಕೊಟ್ಟು ಕೆಲಸದಲ್ಲಿರುವವರು ಮುಂದಿನ ಕಂಪನಿಗೆ ಅರ್ಜಿ ಹಾಕುವಾಗ ಆ ವರ್ಷಗಳನ್ನು ರೆಸ್ಯೂಮೆಯಿಂದ ತೆಗೆದುಹಾಕಿ. ನಿಜವಾಗಿ ಕೆಲಸ ಮಾಡಿದ ವರ್ಷಗಳನ್ನೇ ಬರೆಯಿರಿ. ಸಂಬಳ ಒಂದು ಮೆಟ್ಟಿಲು ಕೆಳಗಿಳಿಯಬಹುದು. ಹೊಸ ಕಂಪನಿಯಲ್ಲಿ ದಾಖಲೆ ಪರಿಶೀಲನೆ ಮುಗಿದ ದಿನದಿಂದ ನೀವು ಕೈ ಎತ್ತಬಹುದು.